ಅತ್ತಿಯ ಮೂರು ಬುಟ್ಟಿಗಳು

ನಿಡಗುಂದಿ ಬಸ್‌ಸ್ಟ್ಯಾಂಡಿನ ಸೋಡಾ ಅಂಗಡಿಯವ ನಿಂಬೆಹಣ್ಣಿಗೆ ಚಾಕು ಹಾಕಿದರೆ ಸಾಕು, ನನ್ನ ಬಾಯಲ್ಲೂ ಕಣ್ಣಲ್ಲೂ ಒಟ್ಟಿಗೇ ನೀರು ಬರುತ್ತದೆ. ಕಾಲುವೆ ಕೆಲಸದ ಎಂಜಿನಿಯರಮ್ಮ ಸೋಡಾ ಅಂಗಡಿ ಮುಂದೆ ನಿಂತು ಕಣ್ಣೊರೆಸಿಕೊಳ್ಳುವುದು ಚೆಂದವಲ್ಲವೆಂದು ಧೂಳಿನ ನೆಪ ಹೇಳುತ್ತೇನೆ. ಆ ವಾಸನೆ ನನ್ನನ್ನು ನೇರ ಇಂಡಿಗೆ ಒಯ್ದು ಅತ್ತಿಯ ಪಡಸಾಲೆಯಲ್ಲಿ ಕೂರಿಸುತ್ತದೆ. ಅತ್ತಿ ಎಂದರೆ ಅಪ್ಪನ ಅಕ್ಕ, ಗೌರವ್ವ. ಮಾವ ತೀರಿದ ಮೇಲೆ ಊರ ಹೊರಗಿನ ನಿಂಬೆ ತೋಟವನ್ನು ಒಬ್ಬಳೇ ನಡೆಸಿದವಳು. ತಾಂಬಾದಿಂದ ಎಂಟನೇ ಇಯತ್ತೆಗೆ ಅವಳ ಮನೆ ಸೇರಿದ ನಾನು ವಿಜಯಪುರದ ಎಂಜಿನಿಯರಿಂಗ್ ಕಾಲೇಜಿಗೂ ಅಲ್ಲಿಂದಲೇ ಬಸ್ಸಿನಲ್ಲಿ ಓಡಾಡಿದೆ. ಮಧ್ಯಾಹ್ನ ಪಡಸಾಲೆ ತುಂಬ ಹಣ್ಣು ಸುರಿದಿರುತ್ತಿತ್ತು. ಅತ್ತಿ ಕಾಲು ಚಾಚಿ ಕೂತು ಒಂದೊಂದನ್ನೂ ಅಂಗೈಯಲ್ಲಿ ಉರುಳಿಸಿ ನೋಡುವಳು. ಒಳ್ಳೆಯವು ಪೇಟೆಯ ಚೀಲಕ್ಕೆ. ಉಳಿದವಕ್ಕೆ ಮೂರು ಬುಟ್ಟಿ: ಕಲೆ ಬಿದ್ದವು ಉಪ್ಪಿನಕಾಯಿಗೆ, ಎಳೆಕಾಯಿಗಳು ಹುಲ್ಲಿನಲ್ಲಿಟ್ಟು ಕಾಯುವುದಕ್ಕೆ, ಕೊಳೆತವು ತಿಪ್ಪೆಗೆ. ಕೊಳೆತದ್ದನ್ನೂ ಒಮ್ಮೆ ತಿರುಗಿಸಿ, ಎಲ್ಲಿಂದ ಕೆಟ್ಟಿತೆಂದು ನೋಡದೆ ಎಸೆದವಳಲ್ಲ.

ಮೊದಲ ಸೆಮಿಸ್ಟರಿನಲ್ಲಿ ನಾನು ಗಣಿತದಲ್ಲೂ ಡ್ರಾಯಿಂಗಿನಲ್ಲೂ ನಪಾಸಾದೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಶಹಾಣೆ ಅನ್ನಿಸಿಕೊಂಡವಳಿಗೆ ಇಂಗ್ಲಿಷ್ ಪುಸ್ತಕ ಅರ್ಥವಾಗದಿದ್ದಾಗ ಗೊತ್ತಿದ್ದ ದಾರಿ ಒಂದೇ, ಬಾಯಿಪಾಠ. ಪಿಯುಸಿ ದಾಟಿದ್ದೂ ಹಾಗೆಯೇ. ಲೆಕ್ಕಗಳನ್ನು ಅಂಕಿಗಳ ಸಮೇತ ಉರು ಹೊಡೆದಿದ್ದೆ. ಡ್ರಾಯಿಂಗ್ ಹಾಳೆಗಳನ್ನೂ ಬಿಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಶಂಕುವನ್ನು ನಲವತ್ತೈದು ಡಿಗ್ರಿಗೆ ಕತ್ತರಿಸಿ ತೋರಿಸಿ ಎಂದರೆ, ನಾನು ಉರು ಹೊಡೆದ ಮೂವತ್ತನ್ನೇ ಅಂದವಾಗಿ ಎಳೆದು ಪಾಸಾದೆನೆಂದು ನಗುತ್ತಾ ಮನೆಗೆ ಬಂದಿದ್ದೆ. ಫಲಿತಾಂಶ ಕೇಳಿದ ಅಪ್ಪ ತಾಂಬಾದಿಂದ ಬಂದು, ಗಂಟು ಕಟ್ಟು, ಬಿ.ಎ. ಮಾಡಿದರೆ ಸಾಕು ಎಂದ. ನನಗೂ ಒಳಗೊಳಗೇ ಅದೇ ಸರಿ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೇ ಅಳು ಬಂತು. ಅತ್ತಿ ಚಹಾದ ಬಟ್ಟಲು ಅವನ ಮುಂದಿಟ್ಟು ಹೇಳಿದಳು: "ಇನ್ನೊಂದು ಸೆಮಿಸ್ಟರ್ ನನ್ನ ಕೈಯಾಗ ಬಿಡೋ ತಮ್ಮಾ. ಆಗಲಿಲ್ಲಂದ್ರ ನಾನ ಕರಕೊಂಡ ಬಂದು ಬಿಡ್ತೇನಿ."

ಏಳನೆಯದಕ್ಕಿಂತ ಮುಂದೆ ಶಾಲೆ ಕಾಣದ ಈಕೆ ಏನು ಕಲಿಸಿಯಾಳೆಂದು ನಾನು ಒಳಗೇ ನಕ್ಕಿದ್ದೆ. ಅವಳು ಕಲಿಸಲೇ ಇಲ್ಲ. ಉತ್ತರಪತ್ರಿಕೆಯ ಪ್ರತಿ ತರಿಸಿಕೊಂಡು, ತಪ್ಪಿದ ಒಂದೊಂದು ಲೆಕ್ಕವನ್ನೂ ಚೀಟಿಯಲ್ಲಿ ಬರೆಸಿ, ಮೂರು ಖಾಲಿ ಬುಟ್ಟಿಗಳನ್ನು ಮುಂದೆ ತಂದಿಟ್ಟಳು. ಗೊತ್ತಿದ್ದೂ ಅವಸರದಲ್ಲಿ ಕೆಡಿಸಿದ್ದು ಕಲೆಯ ಬುಟ್ಟಿಗೆ, ಅರ್ಧ ತಿಳಿದದ್ದು ಎಳೆಕಾಯಿಯ ಬುಟ್ಟಿಗೆ, ತಲೆಬುಡ ತಿಳಿಯದ್ದು ಕೊಳೆತದ್ದರ ಬುಟ್ಟಿಗೆ. ಎಲ್ಲವೂ ಕೊಳೆತದ್ದೇ ಎಂದುಕೊಂಡಿದ್ದ ನನಗೆ ಆ ಬುಟ್ಟಿಯಲ್ಲಿ ಬಿದ್ದವು ನಾಲ್ಕೇ ಚೀಟಿ ಎಂದು ಕಂಡಾಗ ಆದ ಸಮಾಧಾನ ಇಂದಿಗೂ ನೆನಪಿದೆ. ಆ ನಾಲ್ಕನ್ನು ನಿಮ್ಮ ಸರ್‌ಗೆ ಕೇಳು ಎಂದಳು. ಇಂಗ್ಲಿಷಿನಲ್ಲಿ ಕೇಳಲು ಬಾರದೆಂದರೆ, ಕನ್ನಡದಲ್ಲಿ ಕೇಳು, ಅವರೂ ಮನೆಯಲ್ಲಿ ರೊಟ್ಟಿ ಬೇಡುವುದು ಕನ್ನಡದಲ್ಲೇ ಎಂದಳು. ಕೇಳಿದೆ. ಸರ್ ಕನ್ನಡದಲ್ಲೇ ಹೇಳಿಕೊಟ್ಟರು, ಅರ್ಧ ಗಂಟೆ, ಬೇಸರವಿಲ್ಲದೆ. ಇಷ್ಟು ಸರಳದ್ದಕ್ಕೆ ಒಂದು ಸೆಮಿಸ್ಟರ್ ಕಳೆದಿದ್ದೆನಲ್ಲ ಎಂದು ನಾಚಿಕೆಯಾಯಿತು.

ಅಲ್ಲಿಂದ ದಿನಾ ಸಂಜೆ ಬಸ್ಸಿಳಿದು ಕೈಕಾಲು ತೊಳೆದ ಕೂಡಲೇ ಅತ್ತಿಯ ಎದುರು ಕೂರಬೇಕಿತ್ತು. ಅವಳು ಉಪ್ಪಿನಕಾಯಿಗೆ ಹಣ್ಣು ಹೆಚ್ಚುತ್ತಿರುವಾಗ ನಾನು ಅಂದಿನ ಪಾಠವನ್ನು ಕನ್ನಡದಲ್ಲಿ ಹೇಳಬೇಕು. ಅವಳ ಪ್ರಶ್ನೆ ಒಂದೇ, "ಯಾಕ?" ಉತ್ತರ ಬಂದರೆ ಚೀಟಿ ಬುಟ್ಟಿಯಿಂದ ಹೊರಗೆ, ತಡವರಿಸಿದರೆ ಮತ್ತೆ ಹುಲ್ಲಿಗೆ. ಶಂಕುವಿನ ಚೀಟಿ ಮತ್ತೆ ಹುಲ್ಲಿಗೆ ಬಿದ್ದ ದಿನ, ಪೇಟೆಯವರು ಕ್ಯಾರೆಟ್ ಅನ್ನುವ ಗಜ್ಜರಿಯೊಂದನ್ನು ನನ್ನ ಕೈಗಿತ್ತು, ಅಡ್ಡ ಕೊಯ್ಯಿ, ಓರೆ ಕೊಯ್ಯಿ ಎಂದಳು. ಓರೆ ಕೊಯ್ದಾಗ ಬಂದ ಉದ್ದನೆಯ ದುಂಡನ್ನು ಕಂಡು ನಾನು ತಿಂಗಳುಗಟ್ಟಲೆ ಎಳೆದಿದ್ದ ಗೆರೆ ಇದೇ ಎಂದು ಆಗ ತಿಳಿದುಕೊಂಡೆ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಗಜ್ಜರಿ ಪಲ್ಯ.

ಎರಡನೇ ಸೆಮಿಸ್ಟರಿನ ಜೊತೆಗೆ ಹಳೆಯ ಎರಡೂ ವಿಷಯ ಪಾಸಾದವು. ಮೊಬೈಲು ಹಿಡಿದು ತೋಟಕ್ಕೇ ಓಡಿದೆ. ಅತ್ತಿ ಸೆರಗಿಗೆ ಕೈ ಒರೆಸಿಕೊಂಡು ಕೇಳಿದ ಮೊದಲ ಮಾತು, ಎಲ್ಲೆಲ್ಲಿ ತಪ್ಪಿದಿ ಎಂದು. ನನಗೆ ಸಿಟ್ಟು ಬಂತು. ಪಾಸಾದ ದಿನವಾದರೂ ತಪ್ಪು ಬಿಡಬಾರದೇ ಎಂದೆ. ಅವಳು ಗಿಡದ ನೆರಳಿಗೆ ಕೂತಳು.

"ಏಳನೇ ಇಯತ್ತೆದಾಗ ನಾ ಲೆಕ್ಕದಾಗ ನಪಾಸಾದೆ, ಯವ್ವಾ. ನಮ್ಮಪ್ಪ ಸಾಲಿ ಬಿಡಿಸಿದ. ಯಾವ ಲೆಕ್ಕ ತಪ್ಪಿತ್ತು ಅಂತ ಯಾರೂ ಹೇಳಲಿಲ್ಲ. ಇವತ್ತಿಗೂ ನನಗ ಗೊತ್ತಿಲ್ಲ."

ಅತ್ತಿ ಹೋಗಿ ನಾಲ್ಕು ವರ್ಷವಾಯಿತು. ಪಡಸಾಲೆ ಇದ್ದಲ್ಲಿ ಈಗ ಯಾರದೋ ಗೋದಾಮು ನಿಂತಿದೆ, ತೋಟ ಬೇರೆಯವರ ಕೈಲಿದೆ. ನಿಮಗೂ ಇಂಥ ಒಂದು ಮನೆ ಇದ್ದಿರಬೇಕು, ಹೋದರೆ ಬಾಗಿಲು ಸಿಗದ ಮನೆ. ಕಚೇರಿಯಲ್ಲಿ ಹೊಸಬರ ನಕ್ಷೆ ತಪ್ಪಿ ಬಂದರೆ ನಾನು ಹಾಗೇ ಹಿಂದಿರುಗಿಸುವುದಿಲ್ಲ, ಕೂರಿಸಿಕೊಂಡು ತಪ್ಪಿದ ಗೆರೆಯ ಮೇಲೆ ಬೆರಳಿಟ್ಟು ತೋರಿಸುತ್ತೇನೆ. ಆಗೆಲ್ಲ ಹಳೆಯ ಪಾಟಿ, ಬಳಪ ಹಿಡಿದ ಹನ್ನೆರಡರ ಗೌರವ್ವ ನನ್ನ ಮೇಜಿನ ಆಚೆ ನಿಂತಂತೆ ಆಗುತ್ತದೆ. ಅವಳ ಆ ಒಂದು ಲೆಕ್ಕ ಯಾವುದಿತ್ತೋ. ಸಿಕ್ಕಿದ್ದರೆ ನಾನು ಹೇಳಿಕೊಡುತ್ತಿದ್ದೆ.