ತಡಿಯಪ್ಪನ ಗೆರೆ

ಚಿಪ್ ಕಾರ್ಖಾನೆಯಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತಿತ್ತು. ಉಳಿದವರ ಬಾಯಲ್ಲಿ ಅವನು ತಡಿಯಪ್ಪ. ಯಾರಾದರೂ ಹೊಸ ಕಂಪ್ಯೂಟರ್ ಕೊಳ್ಳುವ ಮಾತೆತ್ತಿದರೆ ಸಾಕು, "ತಡೀರಿ, ಇನ್ನೆರಡು ವರ್ಷ ತಡೀರಿ. ಇದರ ಎರಡರಷ್ಟು ಕೆಲಸ ಮಾಡೋದು ಬರುತ್ತೆ," ಎನ್ನುತ್ತಿದ್ದ. ಆಡಿಕೊಳ್ಳುವವರು ಆಡಿಕೊಂಡರು, ಆದರೆ ಅವನ ಮಾತು ಒಮ್ಮೆಯೂ ಸುಳ್ಳಾಗಲಿಲ್ಲ. ಒಂದೇ ಒಂದು ಸಲ ಸುಳ್ಳಾಗಿದ್ದರೂ ಈ ಕಥೆ ಹೇಳುವ ಕರ್ಮ ನನಗಿರುತ್ತಿರಲಿಲ್ಲ.

ಅವನದು ಪರೀಕ್ಷೆಯ ಕೋಣೆಯಲ್ಲಿ ಕೆಲಸ. ತಲೆಯಿಂದ ಕಾಲಿನವರೆಗೆ ಬಿಳಿ ಗೌನು ತೊಟ್ಟು, ಉಗುರಗಲದ ಚಿಪ್‌ಗಳಿಗೆ ಸೂಜಿ ತಾಗಿಸಿ, ಎಷ್ಟು ವೇಗ, ಎಷ್ಟು ಬಿಸಿ ಎಂದು ಬರೆದುಕೊಳ್ಳಬೇಕು. ಅದೇ ಉಗುರಗಲದಲ್ಲಿ ಎರಡು ವರ್ಷಕ್ಕೊಮ್ಮೆ ಕಣ್ಣಿಗೆ ಕಾಣದ ಸ್ವಿಚ್ಚುಗಳು ಇಮ್ಮಡಿಯಾಗಿ ಕೂರುವುದನ್ನು ನೋಡಿ ತನ್ನದೇ ಸಾಧನೆಯೆಂಬಂತೆ ಹಿಗ್ಗುತ್ತಿದ್ದ. ಮನೆಯ ಅಡುಗೆಕೋಣೆ ಬಾಗಿಲಿನ ಹಿಂದೆ ಗ್ರಾಫ್ ಹಾಳೆ ಅಂಟಿಸಿ, ಹೊಸ ಚಿಪ್‌ಗೊಂದು ಚುಕ್ಕೆ ಇಟ್ಟು, ಮೇಲೇರುವ ಗೆರೆ ಎಳೆಯುತ್ತಿದ್ದ. "ಮಕ್ಕಳ ಎತ್ತರ ಬರೆಯೋ ಜಾಗ ಅದು," ಎಂದು ಹೆಂಡತಿ ರೇಗುತ್ತಿದ್ದಳು.

ಮಗಳು ಹುಟ್ಟಿದಳು. ಪಕ್ಕದಲ್ಲೇ ಪಾತ್ರೆ ಬಿದ್ದರೂ ತಿರುಗಿ ನೋಡದ ಮಗು. ಎರಡು ತುಂಬುವ ಹೊತ್ತಿಗೆ ಕಿವಿಯ ಡಾಕ್ಟರಮ್ಮ, ಕಿವಿಯ ಹಿಂದೆ ಮೂಳೆ ಕೊರೆದು ಪುಟ್ಟ ಯಂತ್ರ ಕೂರಿಸಿದರೆ ಕೇಳಿಸುತ್ತದೆ ಎಂದರು. ತಡಿಯಪ್ಪ ಅದರೊಳಗಿನ ಚಿಪ್‌ನ ವಿವರ ಕೇಳಿ ಪಡೆದು, ಓದಿ, ಹುಬ್ಬು ಗಂಟಿಕ್ಕಿದ.

"ಇದು ಏಳು ವರ್ಷ ಹಳೇದು ಡಾಕ್ಟ್ರೇ. ಇದಕ್ಕಿಂತ ಒಳ್ಳೇದು ಬಂದೇ ಬರುತ್ತೆ."

"ಮಾತು ಕಲಿಯೋ ವಯಸ್ಸು ಇದೇ ಕಣ್ರೀ. ತಡವಾದ್ರೆ ಸದ್ದು ಕೇಳಿಸಬಹುದು, ಅದು ಮಾತಾಗೋದು ಕಷ್ಟ."

"ಹಾಕ್ಸಿಬಿಡೋಣ ರೀ," ಎಂದು ಹೆಂಡತಿ ಅಂಗಲಾಚಿದಳು.

"ಎರಡೇ ವರ್ಷ ತಡಿಯೇ. ತಲೆ ಕೊರೆಯೋದು ಹುಡುಗಾಟನಾ?"

ನಿಜ ಹೇಳಬೇಕೆಂದರೆ, ಆ ಪುಟ್ಟ ತಲೆಗೆ ಡ್ರಿಲ್ ಇಡುವುದನ್ನು ನೆನೆದರೇ ಅವನ ಕೈಕಾಲು ತಣ್ಣಗಾಗುತ್ತಿತ್ತು. ಹೆದರಿಕೆಯೆಂದು ಒಪ್ಪಿಕೊಳ್ಳಲು ನಾಚಿ ಗ್ರಾಫ್ ತೋರಿಸಿದ. ಹಾಳು ಗ್ರಾಫು ಅವನ ಮಾತನ್ನು ಉಳಿಸಿಕೊಟ್ಟಿತು. ಎರಡು ವರ್ಷಕ್ಕೆ ಒಳ್ಳೆಯದು ಬಂತು. ಬಂದಾಗ, ಅದಕ್ಕಿಂತ ಒಳ್ಳೆಯದು ಇನ್ನೆರಡು ವರ್ಷದಲ್ಲಿತ್ತು. ಹೀಗೆ ತಡೆದು ತಡೆದು ಮಗಳಿಗೆ ಒಂಬತ್ತಾಯಿತು.

ಕೊನೆಗೆ ಹಾಕಿಸಿದ್ದು ಎಲ್ಲಕ್ಕಿಂತ ಒಳ್ಳೆಯದನ್ನೇ. ಯಂತ್ರ ಚಾಲೂ ಮಾಡಿದ ದಿನ ಅವನು "ಪುಟ್ಟೀ" ಎಂದು ಕರೆದ. ಮಗು ಕಿವಿ ಮುಚ್ಚಿಕೊಂಡು ಅತ್ತಿತು. ಬಾಗಿಲು ಬಡಿದುಕೊಂಡ ಸದ್ದೂ ಅಪ್ಪ ಕರೆದ ಸದ್ದೂ ಅದಕ್ಕೆ ಒಂದೇ ಗಲಾಟೆ. ನಾಲ್ಕು ವರ್ಷ ಹೆಣಗಿದ ಮೇಲೆ ಹುಡುಗಿ ಯಂತ್ರದ ಹೊರಗೆ ಸಿಕ್ಕಿಸುವ ತುಂಡನ್ನು ಕಿವಿಯಿಂದ ಕಳಚಿ ಮೇಜಿನ ಖಾನೆಗೆ ಹಾಕಿದಳು, ಮತ್ತೆ ತೆಗೆಯಲಿಲ್ಲ. ಮನೆಯಲ್ಲಿ ಕೈಸನ್ನೆಯ ಮಾತು ನಡೆಯಿತು. ತಾಯಿ ಮಗಳು ಬಿರುಸಾಗಿ ಹರಟುತ್ತಾರೆ. ಇವನ ಬೆರಳು ತಡವರಿಸುತ್ತದೆ. "ಅಪ್ಪಂದು ಹಳೇ ಮಾಡೆಲ್ ಕೈ ಅಂತಾಳೆ," ಎಂದು ಹೆಂಡತಿ ಅನುವಾದಿಸಿದಾಗ ಅವನೂ ನಕ್ಕಿದ್ದ. 

ಈಗ ಮಗಳಿಗೆ ಇಪ್ಪತ್ತೇಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾಳೆ. ಮೊನ್ನೆ ಕಾರ್ಖಾನೆಯ ದೊಡ್ಡ ಇಂಜಿನಿಯರ್ ಎಲ್ಲರನ್ನೂ ಸೇರಿಸಿ, "ಇನ್ನು ಸ್ವಿಚ್ಚು ಸಣ್ಣದು ಮಾಡೋಕೆ ಜಾಗವೇ ಇಲ್ಲ. ಪರಮಾಣು ಎಣಿಸೋ ಹಂತಕ್ಕೆ ಬಂದಿದ್ದೀವಿ. ಕರೆಂಟು ಸೋರುತ್ತೆ, ಬಿಸಿ ಏರುತ್ತೆ. ಹಳೇ ಓಟ ಮುಗೀತು," ಎಂದರು. ತಡಿಯಪ್ಪ ಮನೆಗೆ ಬಂದು ಕೊನೆಯ ಚುಕ್ಕೆ ಇಟ್ಟ. ಗೆರೆ ಅಡ್ಡಡ್ಡ ಮಲಗಿತು. ಹಾಳೆಯನ್ನು ಕಿತ್ತು ಊಟದ ಮೇಜಿನ ಮೇಲೆ ಹರಡಿ ಕುಳಿತ.

ಕೆಲಸದಿಂದ ಬಂದ ಮಗಳು ಏನೆಂದು ಕೇಳಿದಳು. ಅವನು ತಡವರಿಸುತ್ತಾ, ಇಷ್ಟು ವರ್ಷ ಏರಿದ್ದು ಈಗ ನಿಂತಿತೆಂದು ಕೈಯಲ್ಲಿ ಹೇಳಿದ. ಅವಳು ಹಾಳೆಯ ಮೇಲೆ ಬಾಗಿ ನೋಡಿ, ಕೈಯಲ್ಲೇ ಕೇಳಿದಳು.

"ನನಗೆ ಎರಡು ವರ್ಷ ಆದಾಗ ಎಲ್ಲಿತ್ತು?"

ಕೆಳಗೆ, ಎಡಮೂಲೆಯ ಹತ್ತಿರ ಮಾಸಿಹೋಗಿದ್ದ ಚುಕ್ಕೆಯ ಮೇಲೆ ಅವನು ಬೆರಳಿಟ್ಟ. ತೆಗೆಯಹೋದಾಗ ಮಗಳು ಆ ಬೆರಳನ್ನು ಅಲ್ಲೇ ಒತ್ತಿ ಹಿಡಿದಳು. ಇನ್ನೊಂದು ಕೈಯಿಂದ, ಅವನಿಗೆ ತಿಳಿಯಲೆಂದು ನಿಧಾನವಾಗಿ ಹೇಳಿದಳು.

"ಇಷ್ಟೇ ಸಾಕಾಗಿತ್ತು, ಅಪ್ಪಾ."