ಬಾಳಪ್ಪಣ್ಣನ ಎರಿದು
ಕೊಲ್ಲಿ ದೇಶದ ಈ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಪಕ್ಕದ ಫ್ಲ್ಯಾಟಿನ ಬಾಳಪ್ಪಣ್ಣ ಜೆಬೆಲ್ ಅಲಿಯಲ್ಲಿ ಗೋದಾಮು ಕಟ್ಟಿಸುವ ಎಂಜಿನಿಯರು. ಆದರೆ ಮನುಷ್ಯರಿಗೆ ಕಟ್ಟಲು ಬರುತ್ತದೆಂಬ ನಂಬಿಕೆಯೇ ಅವರಿಗಿಲ್ಲ. ಇರಾಕಿನ ಮರಳಲ್ಲಿ ಹೂತುಹೋದ ಎರಿದು ಎಂಬ ಸಾವಿರಾರು ವರ್ಷ ಹಳೆಯ ಸುಮೇರಿಯನ್ ಪಟ್ಟಣವೇ ಅವರ ತವರೂರು ಎನ್ನಬೇಕು. ಲಿಫ್ಟ್ ಕೆಟ್ಟರೂ, ನನ್ನ ಪತ್ರೊಡೆ ಚೆನ್ನಾಗಿದ್ದರೂ ಮಾತು ಅಲ್ಲಿಗೇ ಹೋಗಿ ಮುಟ್ಟುತ್ತದೆ. "ನಮ್ಮ ಹುಡುಗ್ರಿಗೆ ಒಂದ್ ಪಾಯಖಾನಿ ಗ್ವಾಡಿ ನೆಟ್ಟಗ ಕಟ್ಟಾಕ ಬರಂಗಿಲ್ಲ ತಂಗಿ, ಎರಿದುದಾಗ ಅಷ್ಟ್ ದೊಡ್ಡ ಗುಡಿ ಆಗ ಯಾರ್ ಕಟ್ಟಿದ್ರು? ಮ್ಯಾಲಿಂದ ಇಳದ್ ಬಂದಾವ್ರ!" ನನ್ನ ಗಂಡ ಪುರಾತತ್ತ್ವದವರ ಮಾತೆತ್ತಿದರೆ, "ಅವರೇನ್, ಮಣ್ಣ ಕೆದರತಾರ" ಎಂದು ಕೈ ಬೀಸುತ್ತಾರೆ. ಅರಸೊತ್ತಿಗೆ ಆಕಾಶದಿಂದ ಮೊದಲು ಇಳಿದದ್ದು ಎರಿದುವಿಗೇ ಎಂದು ಅಲ್ಲಿನ ಪುರಾಣವೇ ಹೇಳುತ್ತದಲ್ಲ, ಅವರಿಗೆ ಅಷ್ಟು ಸಾಕು. ಇದನ್ನೆಲ್ಲ ಕೇಳಿ ಕೇಳಿ ನನ್ನ ಪುಟ್ಟ ಮಗಳು ಶೈಮಾ, ಆಕಾಶದವರು ಎತ್ತಿಕೊಂಡು ಹೋಗುತ್ತಾರೆಂದು ಬಾಲ್ಕನಿಗೆ ಬರುವುದನ್ನೇ ಬಿಟ್ಟಳು. ನಾನು ಹೋಗಿ ಹೇಳಿಯೇಬಿಟ್ಟೆ: "ಅಣ್ಣಾ, ಇನ್ನು ಖಲಾಸ್. ಮಗು ಹೆದರಿದೆ." ಸಂಜೆ ಅವರೇ ಬಂದು ಅವಳ ಪಕ್ಕ ನೆಲದ ಮೇಲೆ ಕುಳಿತರು. ಎರಿದುವಿನ ಒಂದು ಗೋರಿಯಲ್ಲಿ ಒಬ್ಬ ಹುಡುಗ ಮಲಗಿದ್ದಾನೆ, ಅವನ ಮೇಲೆ ಅವನ ನಾಯಿ, ನಾಯಿಗೆ ಹಸಿವಾಗದಿರಲೆಂದು ಬಾಯಿಯ ಹತ್ತಿರ ಒಂದು ಎಲುಬು ಎಂದರು. "ಸ್ಕೈ ಪೀಪಲ್ ಇಟ್ಟದ್ದಾ, ಅಂಕಲ್?" ಬಾಳಪ್ಪಣ್ಣ ಅವಳ ಮುಖವನ್ನೇ ನೋಡಿದರು. "ಇಲ್ಲವ್ವಾ. ಅವರ ಮನಿಯವ್ರ ಇಟ್ಟಾರ. ಗುಡಿ ಕಟ್ಟಿದಾವ್ರೂ ಅವ್ರ. ಮ್ಯಾಲಿಂದ ಯಾರೂ ಬಂದಿಲ್ಲ, ಬರಂಗೂ ಇಲ್ಲ." ಶೈಮಾ ಎದ್ದು ಬಾಲ್ಕನಿಗೆ ಓಡಿದಳು. ನಾನು ಕೊಟ್ಟ ಸುಲೈಮಾನಿ ಚಹಾ ಹಿಡಿದು ಅವರೂ ಅವಳ ಹಿಂದೆ ಬಾಲ್ಕನಿಗೆ ಹೋದರು.