ಬೆನ್ನು ಮಾಡಿ ಕುಳಿತ ಮುದುಕನ ಸಿನಿಮಾ

ಪಡಸಾಲೆಯ ಗೋಡೆಯಲ್ಲಿ, ನೆಲದ ಮೇಲೆ ಕುಳಿತವರ ನೆತ್ತಿಯಿಂದ ಒಂದು ಗೇಣು ಮೇಲಕ್ಕೆ, ಒಂದು ಮೊಳೆ ಇದೆ. ಕ್ಯಾಲೆಂಡರ್ ತೂಗುಹಾಕಲು ಅದು ತೀರ ಕೆಳಗಾಯಿತು. ಸುತ್ತಲಿನ ಸುಣ್ಣ ಬಳೆಯಷ್ಟು ಅಗಲಕ್ಕೆ ಉದುರಿದೆ. ಅದನ್ನು ಹೊಡೆದವರು ಅವಸರದಲ್ಲಿದ್ದರು.

ಅದು ಇಳಕಲ್ಲಿನ ನಮ್ಮ ಮನೆಯ ಗೋಡೆ. ಅಪ್ಪ ತೀರಿಕೊಂಡ ದಿನ ಅವರನ್ನು ಅಲ್ಲಿ ಕೂರಿಸಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಪದ್ಮಾಸನದಲ್ಲಿ ಕೂರಿಸುತ್ತಾರೆ. ಹಾಗೆಯೇ ಮಣ್ಣಿಗೆ ಇಡುತ್ತಾರೆ. ತಲೆ ವಾಲದಂತೆ ಗದ್ದದ ಕೆಳಗಿನಿಂದ ಬಿಳಿ ಅರಿವೆಯ ಪಟ್ಟಿಯೊಂದನ್ನು ತಂದು ಮೊಳೆಗೆ ಕಟ್ಟುತ್ತಾರೆ. ಕಾರ್ಯಗಳೆಲ್ಲ ಮುಗಿದ ಮೇಲೆ ಕಾಕಾ ಆ ಮೊಳೆ ಕೀಳಲು ಹೋದಾಗ ಅವ್ವ, "ಇರ್ಲಿ ಬಿಡು" ಎಂದಳು. ಆದರೆ ಆಮೇಲೆ ಅವಳು ಪಡಸಾಲೆಯಲ್ಲಿ ಕೂರಲಿಲ್ಲ. ಮಾತಾಡಿಸಲು ಬಂದವರಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಉತ್ತರ ಕೊಟ್ಟಳು. ಅಪ್ಪನ ವಿಷಯ ಬಂದರೆ ಒಳಗೆ ಹೋಗಿ ಪಾತ್ರೆ ತೊಳೆಯುತ್ತಿದ್ದಳು. ತೊಳೆದ ಪಾತ್ರೆಗಳನ್ನೂ ತೊಳೆಯುತ್ತಿದ್ದಳು.

ಇದಕ್ಕೆ ಕೆಲವು ವಾರ ಮೊದಲು ನಾನು ಒಂದು ಸಿನಿಮಾ ಆರಿಸಿದ್ದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಅಧ್ಯಾಪಕಿಯಾಗಿದ್ದೆ. ವಿದ್ಯಾಗಿರಿಯಲ್ಲಿ ಒಂದು ಕೋಣೆ. ಕಾಲೇಜಿನಲ್ಲಿ ಸಂಜೆಯ ಹೊತ್ತು ಸಿನಿಮಾ ತೋರಿಸುವ ಸಣ್ಣ ಕೂಟವೊಂದಿತ್ತು. ಸಿನಿಮಾಕ್ಕೆ ಆಗಷ್ಟೇ ಮಾತು ಬಂದಿದ್ದ ಕಾಲದ, ಕಪ್ಪು-ಬಿಳುಪಿನ ಭಯದ ಚಿತ್ರಗಳಲ್ಲಿ ಒಂದನ್ನು ಊರವರಿಗೆ ತೋರಿಸಬೇಕೆಂದು ತೀರ್ಮಾನವಾಯಿತು. ಯಾವುದನ್ನು ಎಂದು ಆರಿಸಲು ಕುಳಿತವರು ಮೂವರು: ಮೈಸೂರು ಕಡೆಯಿಂದ ಬಂದ ಇಂಗ್ಲಿಷ್ ಮೇಷ್ಟ್ರು, ಪ್ರೊಜೆಕ್ಟರ್ ಓಡಿಸುತ್ತಿದ್ದ ಬಾದಾಮಿಯ ಭೌತಶಾಸ್ತ್ರದ ಮಾಸ್ತರರು, ಮತ್ತು ನಾನು.

ಮೇಷ್ಟ್ರಿಗೆ ಶವಪೆಟ್ಟಿಗೆಯ ಸಿನಿಮಾ ಇಷ್ಟವಾಗಿತ್ತು. ಕೋಟೆ, ಮಂಜು, ಬಾವಲಿ, ಕೊನೆಗೆ ಪೆಟ್ಟಿಗೆಯ ಮುಚ್ಚಳ ಮೆಲ್ಲನೆ ಸರಿಯುವುದು.

"ಇದಕ್ಕಿಂತ ಭಯಾನಕವಾದದ್ದು ಯಾವುದಿದೆ ಹೇಳಿ?" ಎಂದರು.

"ಬಾವಲಿಗೆ ದಾರ ಕಟ್ಯಾರ್ರಿ ಸರ್, ಕಾಣಸ್ತೈತಿ," ಎಂದರು ಮಾಸ್ತರರು. "ನಮ್ಮ ಬಾದಾಮಿಗೆ ಬರ್ರಿ, ಗವಿಯೊಳಗ ಖರೆ ಬಾವಲಿ ತೋರಸ್ತೇನಿ. ಇನ್ನ ಪೆಟಗ್ಯಾಗ ಮಲಗಿದಾಂವನ್ನ ನೋಡಿ ನಮ್ಮ ಮಂದಿ ಅಂಜಂಗಿಲ್ರಿ. ಪಾಪ, ನಿದ್ದಿ ಹತ್ತೇತಿ ಅಂತಾರ."

ನಾನು ಹೇಳಿದ್ದು ಇನ್ನೊಂದು ಚಿತ್ರ. ಸಮುದ್ರದ ದಂಡೆಯ ಹಳೆಯ ಮನೆ, ಆಸ್ತಿಗಾಗಿ ಬಂದು ಸೇರುವ ಬಂಧುಗಳು. ಮನೆಯ ಯಜಮಾನ ಚಳಿ ಕಾಯಿಸುವ ಒಲೆಯ ಕಡೆ ಮುಖ ಮಾಡಿ, ನಮಗೆಲ್ಲ ಬೆನ್ನು ಮಾಡಿ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಎಲ್ಲರೂ ಅವನೊಡನೆ ಮಾತಾಡುತ್ತಾರೆ, ಜಗಳ ತೆಗೆಯುತ್ತಾರೆ, ಅವನೆದುರೇ ಊಟ ಮಾಡುತ್ತಾರೆ. ಕೊನೆಯ ರೀಲಿನಲ್ಲಿ ಕ್ಯಾಮೆರಾ ಅವನ ಮುಂದಕ್ಕೆ ಬರುತ್ತದೆ. ಅವನು ಸತ್ತು ಬಹಳ ದಿನವಾಗಿದೆ.

ಆ ಕಾಲದ ಚಿತ್ರಗಳಲ್ಲಿ ಹಿನ್ನೆಲೆ ಸಂಗೀತ ಬಹಳ ಕಡಿಮೆ. ಹೆದರಬೇಕಾದ ಜಾಗ ಯಾವುದೆಂದು ಪಿಟೀಲು ಮೊದಲೇ ಹೇಳಿಕೊಡುವುದಿಲ್ಲ. ಈ ಚಿತ್ರದಲ್ಲಂತೂ ಕೊನೆಗೆ ಗಡಿಯಾರದ ಸದ್ದು ಮತ್ತು ರೀಲಿನ ಚರಚರ ಬಿಟ್ಟರೆ ಬೇರೇನೂ ಇಲ್ಲ. ನನ್ನ ಆಯ್ಕೆಗೆ ಅದೇ ಕಾರಣವೆಂದು ಹೇಳಿದೆ. ಮಾಸ್ತರರು ಮಾತ್ರ ಬೇರೆ ಕಾರಣ ಕೊಟ್ಟರು: "ಕುಂತಾಂವ ಇದ್ದಾನಲ್ರಿ, ಅಂವನ್ನ ನೋಡಿ ನಮ್ಮ ಮಂದಿ ಉಸರ ಬಿಗಿಹಿಡೀತಾರ." ಮೇಷ್ಟ್ರಿಗೆ ಅದು ಅರ್ಥವಾಗಲಿಲ್ಲ, ಆದರೂ ಒಪ್ಪಿದರು. ಪ್ರದರ್ಶನಕ್ಕೆ ಮುಂಚೆ ನಾನು ನಾಲ್ಕು ಮಾತು ಆಡಬೇಕೆಂದೂ ಆಯಿತು.

ಆಮೇಲೆ ಅಪ್ಪ ಹೋದರು.

ಅವ್ವನನ್ನು ಆ ಮನೆಯಲ್ಲಿ ಬಿಡಲಾಗದೆ ಬೀಗ ಹಾಕಿ ನನ್ನ ಕೋಣೆಗೆ ಕರೆದುಕೊಂಡು ಬಂದೆ. ಸಿನಿಮಾದ ಸುದ್ದಿ ಅವಳಿಗೆ ಪಕ್ಕದ ಮನೆಯವರಿಂದ ತಿಳಿಯಿತು.

"ನಾನೂ ಬರ್ತೇನಿ," ಎಂದಳು.

"ದೆವ್ವದ ಸಿನಿಮಾ ಅವ್ವಾ. ನಿನಗ ಸೇರಂಗಿಲ್ಲ."

"ದೆವ್ವ ಕಟಗೊಂಡು ನಂಗೇನಾಗಬೇಕು? ನೀ ಮಂದಿ ಮುಂದ ಮಾತಾಡೂದು ನಾ ಎಂದ ಕೇಳೇನಿ? ಮನ್ಯಾಗೂ ಮಾತಾಡಾಕಿ ಅಲ್ಲ."

ಅಷ್ಟು ದಿನಗಳಲ್ಲಿ ಅವಳು ತಾನಾಗಿ ಬೇಕೆಂದು ಕೇಳಿದ್ದು ಅದೊಂದೇ. ಬೇಡವೆನ್ನಲು ಕಾರಣ ಹೇಳಬೇಕು; ಹೇಳಿದರೆ ಆ ಗೋಡೆಯ ಮಾತು ಬರಬೇಕು. ನಾನು ಮಾಸ್ತರರ ಹತ್ತಿರ ಹೋದೆ. ಬೇರೆ ಚಿತ್ರ ಹಾಕಬಹುದೇ ಎಂದು ಕೇಳಿದೆ.

"ಇದ ಒಂದ ಬಂದೈತ್ರಿ ಮೇಡಂ. ಕುಳಗೇರಿ ಕ್ರಾಸಿನ್ಯಾಗ ಬಸ್ಸಿನ ಮ್ಯಾಲಿಂದ ರೀಲಿನ ಡಬ್ಬಿ ಇಳಿಸಿ ನಾನ ಹೊತ್ಕೊಂಡ ಬಂದೇನಿ."

"ಕೊನೆಯ ರೀಲು ಬಿಟ್ಟರೆ?"

ಅವರು ನನ್ನ ಮುಖ ನೋಡಿದರು. ಅಪ್ಪನ ಮಣ್ಣಿಗೆ ಅವರೂ ಬಂದಿದ್ದರು. "ಅವ್ವಾರು ಬರಾತಾರೇನ್ರಿ?" ಎಂದು ಕೇಳಿದರು. ನಾನು ಹೌದೆಂದೆ. ಅವರು ಹೇಳಿದರು: "ರೀಲ್ ಬದಲಿ ಮಾಡೂಮುಂದ ಲೈಟ್ ಹಾಕತೇನಿ. ತಡಾ ಮಾಡತೇನಿ. ಅಷ್ಟರಾಗ ಕರಕೊಂಡ ಹೊರಗ ಹೋಗ್ರಿ."

ಪ್ರದರ್ಶನದ ಸಂಜೆ ಕಾಲೇಜಿನ ಸಭಾಂಗಣ ತುಂಬಿತ್ತು. ನಾನು ಏನು ಮಾತಾಡಿದೆನೋ ನೆನಪಿಲ್ಲ. ಹೆಂಗಸರ ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತ ಅವ್ವ ಮಾತ್ರ ಕಾಣುತ್ತಿದ್ದಳು. ದೀಪ ಆರಿತು. ನಾನು ಅವಳ ಪಕ್ಕ ಕುಳಿತು ಪರದೆಯನ್ನು ಬಿಟ್ಟು ಅವಳನ್ನೇ ನೋಡಿದೆ. ಇಂಗ್ಲಿಷು ತಿಳಿಯದಿದ್ದರೂ ಅವಳು ಎಲ್ಲವನ್ನೂ ಹಿಂಬಾಲಿಸುತ್ತಿದ್ದಳು. ಹಿಂದಿನಿಂದ ಹುಡುಗರು, "ಏ ಮುದುಕಪ್ಪಾ, ಒಮ್ಮೆರ ಹೊಳ್ಳಿ ನೋಡಲೇ!" ಎಂದು ಕೂಗಿದಾಗ ಸಭಾಂಗಣವೆಲ್ಲ ನಕ್ಕಿತು. ಅವ್ವ ನಗಲಿಲ್ಲ.

ಕೊನೆಯ ರೀಲಿಗೆ ಮುಂಚೆ ದೀಪ ಹತ್ತಿತು. ಮಾಸ್ತರರು ಪ್ರೊಜೆಕ್ಟರಿನ ಹತ್ತಿರ ಬಗ್ಗಿ, ಮುಚ್ಚಿದ ಡಬ್ಬಿಯನ್ನು ತೆರೆದು, ಮತ್ತೆ ಮುಚ್ಚಿದರು.

"ಅವ್ವಾ, ನಡಿ, ಹೊರಗ ಹೋಗೂಣು."

"ಯಾಕ? ಮುಗೀತೇನು?"

"ಇಲ್ಲ." ನಾನು ಅವಳ ತೋಳು ಹಿಡಿದೆ. "ಆ ಮುದುಕ ಸತ್ತಾನ. ಸತ್ತು ಕುಂತಾನ. ಇನ್ನ ಅವನ ಮುಖಾ ತೋರಸ್ತಾರ."

ಅವಳು ಬಿಳಿ ಪರದೆಯನ್ನು ನೋಡುತ್ತ ಕುಳಿತಳು. ಮಾಸ್ತರರು ನಮ್ಮ ಕಡೆ ಎರಡು ಸಲ ನೋಡಿದರು. ಹುಡುಗರು ಸೀಟಿ ಹೊಡೆಯತೊಡಗಿದರು.

"ನಂಗ ಗೊತ್ತಾಗೇತಿ," ಎಂದಳು ಅವ್ವ. "ಕುಂಡ್ರು."

ದೀಪ ಆರಿತು. ಗಡಿಯಾರದ ಸದ್ದು. ಕ್ಯಾಮೆರಾ ಕುರ್ಚಿಯನ್ನು ಬಳಸಿಕೊಂಡು ಹೊರಟಿತು. ಕಿವಿ ಕಂಡಿತು, ಕೆನ್ನೆ ಕಂಡಿತು. ಸೀಟಿ ಹೊಡೆಯುತ್ತಿದ್ದವರು ಸುಮ್ಮನಾಗಿದ್ದರು. ಯಾರೋ ಹೆಂಗಸು, "ಶಿವಾ," ಎಂದಳು. ಅವ್ವನ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಎದ್ದುಬಿಡುತ್ತಾಳೆ ಎಂದುಕೊಂಡೆ, ಕೂಗುತ್ತಾಳೆ ಎಂದುಕೊಂಡೆ. ಮುಖ ಪೂರ್ತಿ ಕಂಡಿತು. ತಲೆ ಒಂದು ಕಡೆ ವಾಲಿತ್ತು.

"ತಲಿ ಕಟ್ಟಿಲ್ಲ," ಎಂದಳು ಮೆಲ್ಲನೆ. ಆಮೇಲೆ, "ಬಾಜೂಕ ಒಬ್ರೂ ಕುಂತಿಲ್ಲಲ್ಲ."

ನಾನು ಅವಳ ಕಡೆ ಬಾಗಿದೆ.

"ನಿಮ್ಮಪ್ಪನ್ನ ಒಂದ ಗಳಿಗಿ ಒಬ್ರನ್ನೇ ಬಿಟ್ಟಿದ್ದಿಲ್ಲ. ಭಜನಿಯವರು ಚಾ ಕುಡ್ಯಾಕ ಎದ್ದಾಗ ನಾ ಹೋಗಿ ಕುಂತಿದ್ನಿ. ಮಾತಾಡಿದ್ನಿ ಅವರ ಕೂಡ."

ಅವಳು ಅಳುತ್ತಿದ್ದಳು. ಕೈ ಬಿಡಲಿಲ್ಲ.

ದೀಪ ಹತ್ತಿದ ಮೇಲೆ ಮೇಷ್ಟ್ರು ಬಂದು, "ಹೆದರಿಕೆ ಆಯ್ತಾ ಅಮ್ಮ?" ಎಂದು ಕೇಳಿದರು.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಂಜಾಕೇನ್ರಿ? ಸಿಟ್ಟ ಬಂತ್ರಿ. ಮನೀ ತುಂಬ ಮಂದಿ, ಒಬ್ರರ ಅಂವನ ಮೈ ಮುಟ್ಟಿ ನೋಡಬ್ಯಾಡೇನ್ರಿ? ಆಸ್ತಿ ಕೇಳಾಕ ಬಂದಾರ, ಉಂಡಾರ!"

ಮೇಷ್ಟ್ರು ನಕ್ಕರು, ಮತ್ತೆ ನಗು ನಿಲ್ಲಿಸಿದರು. ಪ್ರೊಜೆಕ್ಟರಿನ ಹತ್ತಿರ ಮಾಸ್ತರರು ತಲೆ ಎತ್ತದೆ ರೀಲು ಸುತ್ತುತ್ತಿದ್ದರು.

ಕೋಣೆಗೆ ನಡೆಯುವಾಗ ಅವ್ವ, "ನಾಳಿ ಊರಿಗೆ ಹೋಗೂಣು," ಎಂದಳು.

ಮರುದಿನ ಮೊದಲ ಬಸ್ಸು ಹಿಡಿದೆವು. ಹುನಗುಂದದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಅವ್ವ ಕಿಟಕಿಯಿಂದ ಎರಡು ಮೊಳ ಮಲ್ಲಿಗೆ ಕೊಂಡು ಮಡಿಲಲ್ಲಿಟ್ಟುಕೊಂಡಳು. ಬಿಸಿಲೇರುವ ಮೊದಲೇ ಇಳಕಲ್ಲು ತಲುಪಿದೆವು. ನಾನು ಬೀಗ ತೆರೆದೆ. ಅವಳು ಮಲ್ಲಿಗೆ ಹಿಡಿದುಕೊಂಡೇ, ಎಂದಿನಂತೆ ಗೋಡೆಯನ್ನು ಬಳಸಿಕೊಂಡು ಅಡುಗೆಮನೆಗೆ ಹೋದಳು. ಸ್ಟೋವಿಗೆ ಗಾಳಿ ಹಾಕುವ ಸದ್ದು ಕೇಳಿತು. ನಾನು ಪಡಸಾಲೆಯ ಕಸ ಹೊಡೆದೆ. ಮೊಳೆಯ ಕೆಳಗೆ ಜಮಖಾನ ಹಾಸಿದೆ, ಇಬ್ಬರು ಕೂರುವಷ್ಟು. ಗೋಡೆಗೆ ಬೆನ್ನು ಕೊಟ್ಟು ಕುಳಿತೆ, ಗೋಡೆ ತಣ್ಣಗಿತ್ತು.

"ಅವ್ವಾ, ಚಾ ಇಲ್ಲೇ ತಗೊಂಡ ಬಾ," ಎಂದು ಕೂಗಿ, ಪಕ್ಕಕ್ಕೆ ಸರಿದು ಜಾಗ ಮಾಡಿದೆ.